ಶಾಲು ಹೊದಿಸುವ ಮುನ್ನ: ಚರ್ಚ್ ಸಿಬ್ಬಂದಿಗೂ ಸ್ವಯಂಸೇವಕರಿಗೂ ಕೃತಜ್ಞತೆ ಸಲ್ಲಿಸಲು ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿ ಸೀಮೆಯಲ್ಲಿ ಸನ್ಮಾನಕ್ಕೆ ಎಂದೂ ಬರವಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಸಾಲಾಗಿ ನಿಂತು ಒಂದು ಫೋಟೊ. ಚರ್ಚುಗಳೂ ಈ ಪದ್ಧತಿಯನ್ನು ಇದ್ದ ಹಾಗೆಯೇ ಎತ್ತಿಕೊಂಡಿವೆ. ಸಭಾಪಾಲಕರ (ಪಾಸ್ಟರರ) ಮನೆಯ ಟ್ರಂಕಿನಲ್ಲಿ ಮಡಿಕೆ ಬಿಚ್ಚದ ಶಾಲುಗಳು ಹೆಚ್ಚುತ್ತಾ ಹೋಗುತ್ತವೆ. ಇತ್ತ ಭಾನುವಾರ ನಸುಕಿನಲ್ಲಿ ಬಂದು ಬಾಗಿಲು ತೆರೆದು, ನೆಲ ಒರೆಸಿ, ಗಂಟೆ ಬಾರಿಸುವವನ ಹೆಸರು ಅರ್ಧ ಸಭೆಗೆ ಗೊತ್ತಿರುವುದಿಲ್ಲ. ಯಾವ ಕೆಲಸಕ್ಕೆ ಕೃತಜ್ಞತೆ ಎಂದು ಬಿಡಿಸಿ ಹೇಳದಿದ್ದರೆ ಅದು ಯಾರಿಗೂ ಮುಟ್ಟುವುದಿಲ್ಲ ಎಂಬುದು ನನ್ನ ವಾದ. ಹಾಗೆ ಬಿಡಿಸಿ ಹೇಳಬೇಕಾದರೆ ಆ ಕೆಲಸವನ್ನು ಮೊದಲು ಕಣ್ಣಾರೆ ಕಂಡಿರಬೇಕು.

ಬೆಳಗಾವಿಯ ಕ್ಯಾಂಪ್ ಪ್ರದೇಶದ ದೊಡ್ಡ ಕಥೋಲಿಕ ಧರ್ಮಕೇಂದ್ರಕ್ಕೂ, ಮೆಥೋಡಿಸ್ಟ್ ಅಥವಾ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೂ, ಹಳ್ಳಿಯಲ್ಲಿ ತಗಡಿನ ಚಾವಣಿಯ ಕೆಳಗೆ ಸೇರುವ ಇಪ್ಪತ್ತು ಮನೆಗಳ ಸಭೆಗೂ ಒಗ್ಗುವಂತೆ ಇದನ್ನು ಬರೆದಿದ್ದೇನೆ. ಕೆಲವು ಹೆಜ್ಜೆಗಳಿಗೆ ಕಮಿಟಿ ಬೇಕು. ಪತ್ರ ಬರೆಯುವುದಕ್ಕೆ, ಒಬ್ಬರ ಪಾಳಿ ಹೊತ್ತುಕೊಳ್ಳುವುದಕ್ಕೆ ಯಾರ ಠರಾವೂ ಬೇಕಿಲ್ಲ.

1. ಕೆಲಸಗಳ ಪಟ್ಟಿ ಮಾಡಿ, ಹೆಸರುಗಳದ್ದಲ್ಲ

ಹೆಸರುಗಳಿಂದ ಶುರು ಮಾಡಿದರೆ ಎದುರಿಗೆ ಕಾಣುವವರೇ ಮೊದಲು ಬರುತ್ತಾರೆ: ಗುರುಗಳು, ಕಾರ್ಯದರ್ಶಿ, ಗಾಯನ ತಂಡದ ಮುಂದಾಳು. ಅದರ ಬದಲು ಒಂದು ಭಾನುವಾರ ನೋಟ್‌ಬುಕ್ ಹಿಡಿದು ಎಲ್ಲರಿಗಿಂತ ಮೊದಲು ಹೋಗಿ, ಎಲ್ಲರಿಗಿಂತ ಕೊನೆಗೆ ಬನ್ನಿ. ಆಗುವ ಪ್ರತಿಯೊಂದು ಕೆಲಸವನ್ನೂ ಬರೆದುಕೊಳ್ಳಿ, ಅದರ ಎದುರು ಮಾಡಿದವರ ಹೆಸರು ಬರೆಯಿರಿ.

ಗೇಟಿನ ಬೀಗ ತೆಗೆದವರು ಯಾರು? ಟ್ಯಾಂಕಿಗೆ ನೀರು ಏರಿಸಿದವರು? ಆಂಪ್ಲಿಫೈಯರ್ ಗುಂಯ್‌ಗುಡುವುದನ್ನು ನಿಲ್ಲಿಸಿದವರು? ಪೀಠದ ಬಿಳಿ ವಸ್ತ್ರವನ್ನು ಮನೆಗೆ ಒಯ್ದು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ತಂದವರು? ಕರ್ತನ ಭೋಜನದ ಪುಟ್ಟ ಲೋಟಗಳನ್ನು ಒಂದೊಂದಾಗಿ ತೊಳೆದು ಬಟ್ಟೆಯ ಮೇಲೆ ಬೋರಲು ಹಾಕಿದವರು? ಹಲಗೆಯ ಮೇಲೆ ಗೀತೆಗಳ ಸಂಖ್ಯೆ ಬರೆದವರು, ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಿದವರು, ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ತಿರುಗಿದವರು, ಕಾಣಿಕೆಯ ಚಿಲ್ಲರೆ ಎಣಿಸುತ್ತಾ ಊಟ ತಡ ಮಾಡಿಕೊಂಡವರು, ಸಂಡೇ ಸ್ಕೂಲಿನ ಇಪ್ಪತ್ತು ಮಕ್ಕಳಿಗೆ ಬಣ್ಣದ ಪೆನ್ಸಿಲುಗಳನ್ನು ತಮ್ಮ ದುಡ್ಡಿನಲ್ಲಿ ತಂದವರು, ಎಲ್ಲರೂ ಹೋದ ಮೇಲೆ ಫ್ಯಾನುಗಳನ್ನು ಆರಿಸಿದವರು.

ಭಾನುವಾರದ ಆಚೆಗೂ ಪಟ್ಟಿ ಬೆಳೆಯಬೇಕು. ಸಾವಿನ ಮನೆಗೆ ಮೊದಲು ಹೋಗುವವರು, ಸಮಾಧಿ ಅಗೆಯುವವರು, ಸ್ಮಶಾನದ ಮುಳ್ಳುಕಂಟಿ ಕಡಿಯುವವರು. ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವವರು. ಡಿಸೆಂಬರಿನ ಚಳಿಯಲ್ಲಿ ಕ್ಯಾರೋಲ್ ತಂಡವನ್ನು ಟೆಂಪೊದಲ್ಲಿ ಮನೆಮನೆಗೆ ಒಯ್ಯುವ ಚಾಲಕ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಹುಡುಗರು. ವಿಜಯಪುರದ ಕಡೆಯ ಸಭೆಯಾದರೆ, ಶುಭ ಶುಕ್ರವಾರದ ಉರಿಬಿಸಿಲಿನಲ್ಲಿ ಶಿಲುಬೆಯಾತ್ರೆಯ ಹಾದಿಯುದ್ದಕ್ಕೂ ನೀರು ಹಿಡಿದು ನಿಲ್ಲುವವರು.

ಈ ರೀತಿಯ ಪಟ್ಟಿಗೆ ಒಳ್ಳೆಯ ಮಾದರಿ ಬೈಬಲ್‌ನಲ್ಲೇ ಇದೆ. ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ಓದುವಾಗ ನಾವು ಹೆಸರುಗಳ ಸಾಲೆಂದು ಬೇಗ ದಾಟಿಬಿಡುತ್ತೇವೆ. ಆದರೆ ಪೌಲನು ಅಲ್ಲಿ ಹೆಸರುಗಳನ್ನಷ್ಟೇ ಹೇಳುವುದಿಲ್ಲ, ಕೆಲಸವನ್ನೂ ಹೇಳುತ್ತಾನೆ. ಫೊಯಿಬೆ ಅನೇಕರಿಗೆ ನೆರವಾದವಳು, ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅವನಿಗಾಗಿ ಪ್ರಾಣವನ್ನೇ ಒಡ್ಡಿದವರು, ಮರಿಯಳು ಬಹಳ ದುಡಿದವಳು. ಅವನು ಹೇಳಿದ್ದನ್ನು ಬರೆದುಕೊಂಡ ಲಿಪಿಕಾರನೂ ನಡುವೆ ತಲೆಹಾಕಿ ತನ್ನ ಹೆಸರು ಹೇಳಿ ವಂದನೆ ತಿಳಿಸುತ್ತಾನೆ.

ನಮ್ಮ ಚರ್ಚುಗಳ ಗೋಡೆಗಳು ಬೇರೆಯದನ್ನೇ ಹೇಳುತ್ತವೆ. ಲಂಡನ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ ಬೆಳಗಾವಿಗೆ ಬಂದದ್ದು 1820ರಲ್ಲಿ. ಕಥೋಲಿಕ ಧರ್ಮಪ್ರಾಂತ್ಯ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) ಸ್ಥಾಪನೆಯಾದದ್ದು 1953ರಲ್ಲಿ. ಇಷ್ಟು ಹಳೆಯ ಚರಿತ್ರೆಯಿರುವ ಸೀಮೆಯಲ್ಲಿ ಕಲ್ಲಿನ ಮೇಲೆ ಸಾಮಾನ್ಯವಾಗಿ ಉಳಿಯುವುದು ಅಧಿಕಾರಿಗಳ, ಮಿಷನರಿಗಳ, ದಾನಿಗಳ ಹೆಸರು. ಅವರ ಜೊತೆ ಹಳ್ಳಿಹಳ್ಳಿ ತಿರುಗಿದ ಉಪದೇಶಿಗಳು, ಅಡುಗೆಯವರು, ಗಂಟೆಯವರು ಯಾರೆಂದು ಕೇಳಿದರೆ ಮೊಮ್ಮಕ್ಕಳ ನೆನಪೇ ಗತಿ. ನಿಮ್ಮ ನೋಟ್‌ಬುಕ್ ಅಂಥದ್ದೊಂದು ದಾಖಲೆಯೂ ಆಗುತ್ತದೆ. ತಾರೀಖು ಹಾಕಿ ಕಚೇರಿಯ ಕಪಾಟಿನಲ್ಲಿ ಇಡಿ.

ಪಟ್ಟಿ ಮುಗಿದ ಮೇಲೆ ಎರಡು ಗುರುತು ಹಾಕಿ: ಸಂಬಳ ಪಡೆಯುವವರು ಯಾರು, ಪಡೆಯದವರು ಯಾರು, ಕಳೆದ ಎರಡು ವರ್ಷಗಳಲ್ಲಿ ಒಮ್ಮೆಯಾದರೂ ಧನ್ಯವಾದ ಕೇಳಿಸಿಕೊಂಡವರು ಯಾರು, ಕೇಳಿಸಿಕೊಳ್ಳದವರು ಯಾರು. ಎರಡನೆಯ ಗುರುತು ಹಾಕುವಾಗ ಕಮಿಟಿಯಲ್ಲಿ ಮೌನ ಆವರಿಸುವುದು ಸಹಜ. ಅಲ್ಲಿಂದಲೇ ಆರಂಭಿಸಿ.

2. ಬಾಕಿ ಮೊದಲು, ಬಹುಮಾನ ಆಮೇಲೆ

ಮೂರು ತಿಂಗಳ ಸಂಬಳ ಬಾಕಿ ಉಳಿಸಿಕೊಂಡು ಕಾವಲುಗಾರನಿಗೆ ಹಾರ ಹಾಕುವುದು ಅಪಹಾಸ್ಯವಾಗುತ್ತದೆ. ಕೆಲಸದವನು ತನ್ನ ಕೂಲಿಗೆ ಯೋಗ್ಯನು ಎಂಬ ಮಾತು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ; ಅದನ್ನು ಪ್ರಸಂಗದಲ್ಲಿ (ಆರಾಧನೆಯ ಉಪದೇಶದಲ್ಲಿ) ಉಲ್ಲೇಖಿಸುವ ಸಭೆ ಖಜಾಂಚಿಯ ಪುಸ್ತಕದಲ್ಲೂ ಪಾಲಿಸಬೇಕು. ಸಂಬಳ ತಿಂಗಳ ಯಾವ ತಾರೀಖಿಗೆ ಕೈಸೇರುತ್ತದೆ? ಕೊನೆಯದಾಗಿ ಹೆಚ್ಚಿಸಿದ್ದು ಯಾವಾಗ? ವಾರಕ್ಕೊಂದು ರಜೆ ಇದೆಯೇ, ಇದ್ದರೆ ನಿಜಕ್ಕೂ ಸಿಗುತ್ತದೆಯೇ?

ಸ್ವಯಂಸೇವಕರಿಗೂ ಲೆಕ್ಕ ಇದೆ. ಖಾನಾಪುರದ ಹಳ್ಳಿಯಿಂದ ಅಭ್ಯಾಸಕ್ಕೆ ಬಸ್ಸಿನಲ್ಲಿ ಬರುವ ಕೀಬೋರ್ಡ್ ವಾದಕ, ಸ್ವಂತ ಪೆಟ್ರೋಲ್ ಸುಟ್ಟು ಹಿರಿಯರನ್ನು ಕರೆತರುವ ಯುವಕ, ಹೂವಿಗೆ ತಾನೇ ಹಣ ಕೊಡುವ ತಾಯಿ: ಇವರಾರೂ ಕೇಳುವುದಿಲ್ಲ. ಕೇಳದಿರುವವರ ಖರ್ಚನ್ನು ನೀವೇ ವಿಚಾರಿಸಿ ಕೊಡಿ. ಬೇಡ ಎಂದವರಿಗೆ ಒತ್ತಾಯ ಮಾಡಬೇಡಿ, ಆದರೆ ಕೇಳದೆ ಬಿಡಬೇಡಿ.

ಕಡಿಮೆ ಖರ್ಚಿನಲ್ಲಿ ದೊಡ್ಡ ಉಪಕಾರ ಮಾಡುವ ದಾರಿ ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವಯಸ್ಸಿನವರಿಗೆ ಅಪಘಾತದಲ್ಲಿ ಸಾವು ಸಂಭವಿಸಿದರೆ 2 ಲಕ್ಷ ರೂಪಾಯಿ ಸಿಗುತ್ತದೆ. ಜೀವ ವಿಮೆಯಾದ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ ವರ್ಷಕ್ಕೆ 436 ರೂಪಾಯಿ. ಸೇರಲು ವಯಸ್ಸು 18ರಿಂದ 50. ಎರಡೂ ಬ್ಯಾಂಕ್ ಅಥವಾ ಅಂಚೆ ಖಾತೆಯಿಂದ ವರ್ಷಕ್ಕೊಮ್ಮೆ ತಾವಾಗಿ ಕಡಿತವಾಗುತ್ತವೆ, ಅವಧಿ ಜೂನ್ 1ರಿಂದ ಮೇ 31. ಆದ್ದರಿಂದ ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಹಣವಿದೆಯೇ ಎಂದು ನೆನಪಿಸುವ ಕೆಲಸವನ್ನು ಕಮಿಟಿಯ ಒಬ್ಬರು ವಹಿಸಿಕೊಳ್ಳಬೇಕು. ಗಂಟೆಯವನು, ಕಸ ಗುಡಿಸುವವಳು, ಸಮಾಧಿ ಅಗೆಯುವವನು ಅಸಂಘಟಿತ ಕಾರ್ಮಿಕರಾಗಿದ್ದರೆ, ಅಂಥವರಿಗೆಂದೇ ಕೇಂದ್ರ ಸರ್ಕಾರ ಇಟ್ಟಿರುವ ಇ-ಶ್ರಮ್ ಪಟ್ಟಿಯಲ್ಲಿ ನೋಂದಣಿ ಮಾಡಿಸಿ. 16ರಿಂದ 59 ವಯಸ್ಸಿನವರಿಗೆ ಅದು ತೆರೆದಿದೆ. ಯುವಕ ಸಂಘದ ಇಬ್ಬರು ಆಧಾರ್ ಮತ್ತು ಬ್ಯಾಂಕ್ ಪುಸ್ತಕ ಹಿಡಿದು ಜೊತೆಗೆ ಕುಳಿತರೆ ಒಂದು ಮಧ್ಯಾಹ್ನದ ಕೆಲಸ.

3. ಸದ್ದಿಲ್ಲದೆ ವಿಚಾರಿಸಿ

ವೇದಿಕೆಗೆ ಕರೆದರೆ ಕೆಲವರಿಗೆ ಹಿಗ್ಗು, ಕೆಲವರಿಗೆ ಶಿಕ್ಷೆ. ಮನೆಯವರನ್ನೋ ಜೊತೆಗೆ ಕೆಲಸ ಮಾಡುವವರನ್ನೋ ಕೇಳಿ ತಿಳಿದುಕೊಳ್ಳಿ: ಸಿಹಿ ತಿನ್ನುತ್ತಾರೆಯೇ, ಮಧುಮೇಹವಿದೆಯೇ? ಯಾವ ಭಾಷೆಯಲ್ಲಿ ಓದುವುದು ಸಲೀಸು? ಬೆಳಗಾವಿಯಲ್ಲಿ ಈ ಕೊನೆಯ ಪ್ರಶ್ನೆ ಚಿಕ್ಕದಲ್ಲ. ಒಂದೇ ಆವರಣದಲ್ಲಿ ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಮಾತನಾಡುವವರು ಸೇರುತ್ತಾರೆ. ಮೂವತ್ತು ವರ್ಷ ಮರಾಠಿಯಲ್ಲಿ ಪ್ರಾರ್ಥಿಸಿದ ಅಜ್ಜಿಗೆ ಇಂಗ್ಲಿಷಿನಲ್ಲಿ ಮುದ್ರಿಸಿದ ಪ್ರಶಸ್ತಿ ಪತ್ರ ಕೊಟ್ಟರೆ ಅದನ್ನು ಮೊಮ್ಮಗ ಓದಿ ಹೇಳಬೇಕು. ಅವರ ಭಾಷೆ ನಿಮಗೆ ಬಾರದಿದ್ದರೆ ಬಲ್ಲವರಿಂದ ಬರೆಸಿ. ಫೋನಿನ ಅನುವಾದವನ್ನು ನಂಬಬೇಡಿ.

4. ಪತ್ರ ಬರೆಯಿರಿ, ಕೈಯಿಂದ

ಒಂದೇ ಒಂದು ಹೆಜ್ಜೆಗೆ ಪುರುಸೊತ್ತಿದ್ದರೆ ಇದನ್ನೇ ಆರಿಸಿಕೊಳ್ಳಿ. ಶಾಲು ಟ್ರಂಕಿಗೆ ಹೋಗುತ್ತದೆ, ಪತ್ರ ಬೈಬಲಿನ ಪುಟಗಳ ನಡುವೆ ಉಳಿಯುತ್ತದೆ.

"ನಿಮ್ಮ ನಿಸ್ವಾರ್ಥ ಸೇವೆ ಶ್ಲಾಘನೀಯ", "ದೇವರು ನಿಮ್ಮನ್ನು ಹೇರಳವಾಗಿ ಆಶೀರ್ವದಿಸಲಿ" ಎಂಬಂಥ ವಾಕ್ಯಗಳಲ್ಲಿ ತಪ್ಪೇನೂ ಇಲ್ಲ. ಆದರೆ ಯಾರಿಗೆ ಕಳಿಸಿದರೂ ನಡೆಯುವ ವಾಕ್ಯ ಯಾರಿಗೂ ಬರೆದದ್ದಲ್ಲ. ಪತ್ರದಲ್ಲಿ ಮೂರು ಸಂಗತಿ ಇದ್ದರೆ ಸಾಕು: ನೀವು ನೋಡಿದ ಒಂದು ನಿರ್ದಿಷ್ಟ ಕೆಲಸ, ಅದು ನಡೆದ ಹೊತ್ತು, ಅದರಿಂದ ಯಾರಿಗೆ ಏನಾಯಿತು. ಧ್ವನಿವರ್ಧಕ ನೋಡಿಕೊಳ್ಳುವವರಿಗೆ ಹೀಗೆ ಬರೆಯಬಹುದು:

"ಶುಭ ಶುಕ್ರವಾರ ಮಧ್ಯಾಹ್ನ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಮೂರನೆಯದರ ಧ್ಯಾನ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ನೀವು ಬರಿಗಾಲಿನಲ್ಲೇ ಕಾದ ಅಂಗಳ ದಾಟಿ ಓಡಿಹೋಗಿ ಜನರೇಟರ್ ಚಾಲೂ ಮಾಡಿದ್ದನ್ನು ನಾನು ಹಿಂದಿನ ಸಾಲಿನಿಂದ ನೋಡಿದೆ. ನಮ್ಮ ತಾಯಿಗೆ ಕಿವಿ ಮಂದ. ಮೈಕ್ ಇಲ್ಲದಿದ್ದರೆ ಅವರಿಗೆ ಉಳಿದ ಮಾತುಗಳು ಕೇಳುತ್ತಲೇ ಇರಲಿಲ್ಲ. ಸಂಜೆ ಮನೆಯಲ್ಲಿ ಏಳೂ ಮಾತುಗಳನ್ನು ನಮಗೆ ಹೇಳಿದರು. ಅದಕ್ಕಾಗಿ ನಿಮಗೆ ವಂದನೆ."

ಇಷ್ಟೇ ಸಾಕು. ವಿಶೇಷಣಗಳು ಬೇಕಿಲ್ಲ, "ಸೇವೆ" ಎಂಬ ಪದವೂ ಬಂದಿಲ್ಲ. ಸಂಡೇ ಸ್ಕೂಲ್ ಶಿಕ್ಷಕಿಗೆ ಬರೆಯುವಾಗ ಮಗುವಿನಿಂದಲೇ ನಾಲ್ಕು ಸಾಲು ಬರೆಸಿ, ಕಾಗುಣಿತ ತಿದ್ದಬೇಡಿ. ಸಭಾಪಾಲಕರಿಗಾದರೆ, ಯಾವ ಪ್ರಸಂಗದ ಯಾವ ಮಾತು ವಾರವಿಡೀ ಜೊತೆಗಿತ್ತು ಎಂದು ಬರೆಯಿರಿ. "ಪ್ರಸಂಗ ಚೆನ್ನಾಗಿತ್ತು" ಎಂಬುದನ್ನು ಅವರು ಬಾಗಿಲ ಬಳಿ ಪ್ರತಿ ಭಾನುವಾರವೂ ಕೇಳುತ್ತಾರೆ, ನಿದ್ದೆ ಮಾಡಿದವರಿಂದಲೂ.

ಈ ಹಂತದಲ್ಲಿ ಒಬ್ಬ ಹಿರಿಯರು ಆಕ್ಷೇಪ ಎತ್ತುವುದು ಖಚಿತ: ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದಲ್ಲವೇ ವಾಕ್ಯ? ಹೌದು, ಆದರೆ ಮತ್ತಾಯನ ಸುವಾರ್ತೆಯ ಆ ಮಾತು ದಾನ ಕೊಡುವವನಿಗೆ ಹೇಳಿದ್ದು. ಪಡೆದವರು ಬಾಯಿ ಮುಚ್ಚಿಕೊಂಡಿರಲು ಅದು ಪರವಾನಗಿಯಲ್ಲ. ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ತಿರುಗಿ ಬಂದಾಗ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದನ್ನು ಲೂಕನು ಬರೆದಿದ್ದಾನೆ.

5. ಉಡುಗೊರೆ: ಊರಿನದು, ಬಳಕೆಯದು

ಕೊಡುವುದಾದರೆ ಈ ಸೀಮೆಯಲ್ಲಿ ಹುಡುಕಬೇಕಾದ್ದೇ ಇಲ್ಲ. ಬೆಳಗಾವಿಯ ಕುಂದಾ, ಗೋಕಾಕದ ಕರದಂಟು, ಅಮೀನಗಡದ ಕರದಂಟು. ಎರಡು ಕರದಂಟುಗಳಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಕುಂದಾಕ್ಕಿಂತ ಹೆಚ್ಚು ದಿನ ಕೆಡದೆ ಇರುತ್ತದೆ ಎಂಬ ಕಾರಣಕ್ಕೆ ದೂರದ ಹಳ್ಳಿಯ ಉಪದೇಶಿಗೆ ಕರದಂಟೇ ವಾಸಿ. ಬಾಗಲಕೋಟೆ ಕಡೆಯವರಿಗೆ ಗುಳೇದಗುಡ್ಡದ ಖಣ, ಇಳಕಲ್ ಸೀರೆ. ನೇಯ್ಗೆ ಉದ್ಯಮವನ್ನೂ ನಡೆಸುತ್ತಿದ್ದ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನ ಕೇಂದ್ರವೂ ಗುಳೇದಗುಡ್ಡದಲ್ಲಿ ಇತ್ತಾದ್ದರಿಂದ ಅಲ್ಲಿನ ಕ್ರೈಸ್ತ ಮನೆಗಳಿಗೆ ಮಗ್ಗದ ಸದ್ದು ಹೊಸದಲ್ಲ. ಅಂಥ ಮನೆಯವರಿಗೆ ಖಣ ಕೊಡುವಾಗ ನೋಡಿ ಕೊಳ್ಳಿ, ಅವರು ಅಂಚು ನೋಡಿಯೇ ಅಸಲು-ನಕಲು ಹೇಳಬಲ್ಲರು.

ಸಂಬಳ ಕಡಿಮೆ ಇರುವವರಿಗೆ ಅಲಂಕಾರದ ಫಲಕಕ್ಕಿಂತ ಹಣವೇ ಒಳ್ಳೆಯದು. ಮದುವೆ ಮನೆಯ ಆಯೇರಿಯಂತೆ ಲಕೋಟೆಯಲ್ಲಿ, ಮೇಲೊಂದು ರೂಪಾಯಿ ಸೇರಿಸಿ, ಮರ್ಯಾದೆಯಿಂದ ಕೊಡಿ. ಎಷ್ಟೆಂದು ಮೈಕಿನಲ್ಲಿ ಹೇಳಬೇಡಿ, ಆದರೆ ಸಭೆಯ ಹಣವಾದರೆ ಲೆಕ್ಕದ ಪುಸ್ತಕದಲ್ಲಿ ತಪ್ಪದೆ ಬರೆಯಿರಿ.

ಧರ್ಮಭಗಿನಿಯರ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅವರು ಬಡತನದ ವ್ರತ ತೊಟ್ಟವರು. ವೈಯಕ್ತಿಕವಾಗಿ ಕೊಟ್ಟದ್ದು ಸಮುದಾಯಕ್ಕೆ ಸೇರುತ್ತದೆ. ವಾಚು, ಫೋನು ಕೊಟ್ಟು ಮುಜುಗರಕ್ಕೆ ಈಡು ಮಾಡುವ ಬದಲು ಕಾನ್ವೆಂಟಿನ ಮುಖ್ಯಸ್ಥೆಯನ್ನು ಕೇಳಿ: ಅಡುಗೆಮನೆಗೆ ಏನು ಬೇಕು, ನೀರಿನ ಪಂಪು ಸರಿಯಿದೆಯೇ? ಅದೇ ವ್ರತ ತೊಡುವ ಜೆಸ್ವಿಟರಂಥ ಸಂನ್ಯಾಸಿ ಸಂಸ್ಥೆಗಳ ಗುರುಗಳಿಗೂ ಇದೇ ನಿಯಮ. ನೇರವಾಗಿ ಬಿಷಪರ ಕೈಕೆಳಗಿರುವ ಧರ್ಮಪ್ರಾಂತ್ಯದ ಗುರುಗಳಿಗೆ ಈ ವ್ರತವಿಲ್ಲ. ಆದರೂ ದುಬಾರಿ ಉಡುಗೊರೆ ಒಂದೇ ಮನೆಯಿಂದ ಹೋಗುವುದಕ್ಕಿಂತ ಪಾಲನಾ ಸಮಿತಿಯ ಮೂಲಕ ಹೋಗುವುದು ಇಬ್ಬರಿಗೂ ಕ್ಷೇಮ.

ಶಾಲು ಬೇಡವೇ ಬೇಡವೇ? ಶಾಲಿನ ಮೇಲೆ ನನಗೆ ಹಗೆಯಿಲ್ಲ. ಜನವರಿಯ ಬೆಳಗಾವಿಯಲ್ಲಿ ನಸುಕಿಗೆ ಗಂಟೆ ಬಾರಿಸುವವನಿಗೆ ಒಳ್ಳೆಯ ಉಣ್ಣೆಯದ್ದು ಕೊಡಿ, ದಿನವೂ ಹೊದೆಯುತ್ತಾನೆ.

6. ದಿನ ಗೊತ್ತು ಮಾಡುವುದು

ಕ್ರಿಸ್ಮಸ್ ಮತ್ತು ಈಸ್ಟರ್ ದಿನ ಬೇಡ. ಪವಿತ್ರ ವಾರವಿಡೀ ದುಡಿದವರಿಗೆ ಈಸ್ಟರ್ ಬೆಳಿಗ್ಗೆ ಬೇಕಾಗಿರುವುದು ನಿದ್ದೆ. ಮುಂದಿನ ಅಥವಾ ಅದರ ಮುಂದಿನ ಭಾನುವಾರ ಇಟ್ಟುಕೊಳ್ಳಿ.

ಕಥೋಲಿಕ ಪಂಚಾಂಗ ಈ ವಿಷಯದಲ್ಲಿ ಉದಾರಿ. ಧರ್ಮಕೇಂದ್ರಗಳ ಗುರುಗಳ ಪಾಲಕ ಸಂತ ಜಾನ್ ಮರಿ ವಿಯಾನ್ನಿ ಅವರ ಸ್ಮರಣೆ ಆಗಸ್ಟ್ 4. ಅಡುಗೆ, ಆತಿಥ್ಯ ನೋಡಿಕೊಳ್ಳುವವರಿಗೆ ಸಂತ ಮಾರ್ತಳ ದಿನ ಜುಲೈ 29. ಗಾಯಕರಿಗೆ, ವಾದ್ಯದವರಿಗೆ ಸಂತ ಸಿಸಿಲಿಯಾ ದಿನ ನವೆಂಬರ್ 22. ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠಬಾಲಕರ ಪಾಲಕ ಸಂತ ತಾರ್ಸಿಸಿಯುಸ್ ಅವರದು ಮಾತ್ರ ಆಗಸ್ಟ್ 15: ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವೂ ಧ್ವಜಾರೋಹಣವೂ ಅಂದೇ ಇರುವುದರಿಂದ ಮಕ್ಕಳನ್ನು ನೆನೆಯಲು ಯಾರಿಗೂ ಬಿಡುವಿಲ್ಲ; ಬೇರೆ ದಿನ ಹುಡುಕಿ. ಪ್ರೊಟೆಸ್ಟೆಂಟ್ ಸಭೆಗಳು ಸಂಡೇ ಸ್ಕೂಲ್ ಶಿಕ್ಷಕರಿಗೆ ಸೆಪ್ಟೆಂಬರ್ 5ರ ಆಸುಪಾಸಿನ ಭಾನುವಾರವನ್ನು, ಎಲ್ಲರಿಗೂ ಸೇರಿಸಿ ಸುಗ್ಗಿಯ ಸ್ತೋತ್ರಾರಾಧನೆಯನ್ನು ಬಳಸಬಹುದು. ಅಮೆರಿಕದ ಸಭೆಗಳು ಅಕ್ಟೋಬರ್ ತಿಂಗಳನ್ನು ಪಾಸ್ಟರುಗಳಿಗೆ ಮೀಸಲಿಡುತ್ತವೆ. ನಾವೂ ಅದನ್ನೇ ಹಿಡಿಯಬೇಕೆಂದೇನಿಲ್ಲ. ಡಿಸೆಂಬರ್ 5 ವಿಶ್ವಸಂಸ್ಥೆ ಘೋಷಿಸಿದ ಸ್ವಯಂಸೇವಕರ ದಿನ, ಆದರೆ ಆಗ ಕ್ಯಾರೋಲ್ ಅಭ್ಯಾಸದ ನಡುವೆ ಯಾರೂ ಕೈಗೆ ಸಿಗುವುದಿಲ್ಲ.

ಹಳ್ಳಿಯ ಸಭೆಯಾದರೆ ಕಬ್ಬಿನ ಕಟಾವು ನೋಡಿ ದಿನ ಇಡಿ. ಗ್ಯಾಂಗು ಹೊಲದಲ್ಲಿರುವಾಗ ಖಾಲಿ ಕುರ್ಚಿಗಳಿಗೆ ಸನ್ಮಾನ ಮಾಡಿದಂತಾಗುತ್ತದೆ.

7. ಊಟ, ಕಾರ್ಯಕ್ರಮ

ದುಡಿದವರ ಸತ್ಕಾರಕ್ಕೆ ದುಡಿದವರೇ ಕುರ್ಚಿ ಹಾಕಿ, ಸೌಂಡ್ ಜೋಡಿಸಿ, ಕೊನೆಗೆ ಪಾತ್ರೆ ತಿಕ್ಕುವ ಅನಾಹುತ ಸಾಮಾನ್ಯ. ಆ ದಿನ ಅವರು ಕೂರಬೇಕು, ಕಮಿಟಿಯವರು ಬಡಿಸಬೇಕು. ಬಫೆ ಬೇಡ, ಪಂಕ್ತಿ ಹಾಕಿ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು, ಶೇಂಗಾ ಹೋಳಿಗೆ. ಬಿಸಿ ರೊಟ್ಟಿಗೆ ಕೈ ಬೇಕಾಗುತ್ತದೆ. ಅದಕ್ಕೂ ಮಹಿಳಾ ಸಂಘವನ್ನೇ ಕರೆದರೆ ಮತ್ತೆ ಅದೇ ಕತೆ. ಖಾನಾವಳಿಯಿಂದ ತರಿಸಿ, ಹಣ ಕೊಡಿ. ಅವರ ಹೆಂಡತಿ, ಗಂಡ, ಮಕ್ಕಳಿಗೂ ಕರೆ ಹೋಗಬೇಕು. ಭಾನುವಾರಗಳನ್ನು ಬಿಟ್ಟುಕೊಟ್ಟವರು ಅವರೇ.

ಮಾತಿಗೆ ಒಬ್ಬರೇ ಇರಲಿ. ಮೊದಲ ಹೆಜ್ಜೆಯ ನೋಟ್‌ಬುಕ್ಕಿನಿಂದ ಪ್ರತಿಯೊಬ್ಬರ ಬಗ್ಗೆ ಒಂದು ವಾಕ್ಯ ಓದಲಿ: ಹೆಸರು, ಕೆಲಸ, ಕಂಡ ಒಂದು ಘಟನೆ. ಹೆಸರುಗಳ ಉಚ್ಚಾರಣೆಯನ್ನು ಹಿಂದಿನ ದಿನವೇ ಕೇಳಿಕೊಂಡಿರಬೇಕು. ಪಟ್ಟಿಯನ್ನು ಹಿರಿತನದಂತೆ ಜೋಡಿಸಬೇಡಿ, ಭಾನುವಾರದ ಕೆಲಸಗಳ ಕ್ರಮದಲ್ಲೇ ಓದಿ. ಆಗ ಬಾಗಿಲು ತೆರೆದವನು ತಾನಾಗಿಯೇ ಮೊದಲಿಗನಾಗುತ್ತಾನೆ, ಗುರುಗಳು ನಡುವೆಲ್ಲೋ ಬರುತ್ತಾರೆ. ಯಾವ ಗುರುಗಳಿಗೂ ಇದರಿಂದ ಬೇಸರವಾಗುವುದಿಲ್ಲ. ಆಗುವುದಿದ್ದರೆ ಕಮಿಟಿ ಅಧ್ಯಕ್ಷರಿಗೆ ಆಗಬಹುದು.

ಶಾಸಕರನ್ನೋ ಪಾಲಿಕೆ ಸದಸ್ಯರನ್ನೋ ಮುಖ್ಯ ಅತಿಥಿಯಾಗಿ ಕರೆಯಬೇಡಿ. ಕರೆದರೆ ಅವರಿಗೂ ಶಾಲು ಬೇಕು, ಅವರು ಬರುವವರೆಗೆ ಕಾಯಬೇಕು, ಫೋಟೊದ ನಡುಜಾಗ ಅವರದೇ. ಒಂದು ಹೆಸರು ತಪ್ಪಿಹೋದರೆ? ಹೋಗುತ್ತದೆ. ಕೊನೆಯಲ್ಲಿ "ಯಾರನ್ನು ಬಿಟ್ಟೆವು, ಹೇಳಿ" ಎಂದು ಸಭೆಯನ್ನೇ ಕೇಳಿ. ಬಂದ ಹೆಸರುಗಳನ್ನು ಅಲ್ಲೇ ಓದಿ, ಅದೇ ವಾರ ಪತ್ರ ಮುಟ್ಟಿಸಿ.

8. ಒಂದು ಭಾನುವಾರ ಬಿಡುವು ಕೊಡಿ

ಸಂಡೇ ಸ್ಕೂಲ್ ಶಿಕ್ಷಕಿಗೆ ಉಡುಗೊರೆಗಿಂತ ಹಿತವಾದದ್ದು, "ಮುಂದಿನ ವಾರ ತರಗತಿ ನಾನು ನೋಡಿಕೊಳ್ಳುತ್ತೇನೆ, ನೀವು ಆರಾಧನೆಯಲ್ಲಿ ಕುಳಿತುಕೊಳ್ಳಿ" ಎಂಬ ಮಾತು. ಹತ್ತು ವರ್ಷ ಕೀಬೋರ್ಡ್ ನುಡಿಸಿದವನು ತನ್ನ ಹೆಂಡತಿಯ ಪಕ್ಕದಲ್ಲಿ ಕುಳಿತು ಹಾಡಿರುವುದೇ ಅಪರೂಪ. ಬದಲಿಗೆ ಬರುವವರು ಹಿಂದಿನ ವಾರವೇ ಜೊತೆಗೆ ನಿಂತು ಕೆಲಸ ಕಲಿತಿರಬೇಕು. ಇಲ್ಲದಿದ್ದರೆ ಬಿಡುವು ಪಡೆದವರು ಮೊಬೈಲಿನಲ್ಲಿ ಸೂಚನೆ ಕೊಡುತ್ತಲೇ ಇರುತ್ತಾರೆ.

ಇದರಿಂದ ಇನ್ನೊಂದು ಸತ್ಯವೂ ಹೊರಬೀಳುತ್ತದೆ. ಯಾರ ಕೆಲಸಕ್ಕೆ ಬದಲಿಯೇ ಸಿಗುವುದಿಲ್ಲವೋ ಅವರು ದಣಿದಿದ್ದಾರೆ ಎಂದು ತಿಳಿಯಿರಿ. ಅವರಿಗೆ ಹೊಗಳಿಕೆಗಿಂತ ಮೊದಲು ಒಬ್ಬ ಜೊತೆಗಾರನನ್ನು ಹುಡುಕಿಕೊಡಿ. "ನೀವಿಲ್ಲದಿದ್ದರೆ ಚರ್ಚೇ ನಡೆಯುವುದಿಲ್ಲ" ಎಂಬ ಮೆಚ್ಚುಗೆ ಅನೇಕರನ್ನು ಕಟ್ಟಿಹಾಕಿದೆ. ಸಾಕು ಎಂದು ಹೇಳುವ ದಾರಿಯನ್ನೂ ಅವರಿಗೆ ತೆರೆದಿಡಬೇಕು. ಬಿಟ್ಟು ಹೋಗುವವರಿಗೆ ಸೇರಿದವರಿಗಿಂತ ಒಂದು ಸಾಲು ಹೆಚ್ಚು ಬರೆಯಿರಿ.

9. ವರ್ಗಾವಣೆಯಾದಾಗ

ಗುರುಗಳಿಗೂ ಸಭಾಪಾಲಕರಿಗೂ ವರ್ಗಾವಣೆ ತಪ್ಪಿದ್ದಲ್ಲ. ಬೀಳ್ಕೊಡುಗೆಯ ಭಾಷಣದಲ್ಲಿ ಎಲ್ಲರೂ ಕಣ್ಣೀರು ಹಾಕುತ್ತಾರೆ, ಮರುದಿನ ಸಾಮಾನು ಕಟ್ಟಲು ಯಾರೂ ಇರುವುದಿಲ್ಲ. ಸಭಾಪಾಲಕರ ಮನೆಗೆ ಪೆಟ್ಟಿಗೆ ಕಟ್ಟಲು ನಾಲ್ವರು, ಟೆಂಪೊ ಬಾಡಿಗೆ, ಹೊಸ ಊರಿನವರೆಗೆ ಜೊತೆಗೆ ಹೋಗಲು ಇಬ್ಬರು, ದಾರಿಗೆ ಬುತ್ತಿ. ಮಕ್ಕಳಿದ್ದರೆ ಶಾಲೆಯ ವರ್ಗಾವಣೆ ಪತ್ರ ತರಲು ಒಬ್ಬರು ಓಡಾಡಲಿ. ಅವರ ಪತ್ನಿ ಸಂಬಳವಿಲ್ಲದೆ ನಡೆಸಿದ ಮಹಿಳಾ ಕೂಟ, ರಾತ್ರಿ ಬಾಗಿಲು ಬಡಿದವರಿಗೆ ಕೊಟ್ಟ ಚಹಾ, ಇವುಗಳಿಗೆ ಬೇರೆಯದೇ ಪತ್ರ ಬರೆಯಿರಿ; ಗಂಡನ ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸಿ ಮುಗಿಸಬೇಡಿ.

ಹೊಸಬರು ಬಂದ ವಾರವೇ ನೋಟ್‌ಬುಕ್ಕಿನ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ಯಾರು ಯಾವ ಕೆಲಸ ಮಾಡುತ್ತಾರೆ ಎಂದು ತಿಳಿಯಲು ಅವರಿಗೆ ಆರು ತಿಂಗಳು ಹಿಡಿಯಬೇಕಾಗಿಲ್ಲ; ಗಂಟೆಯವನನ್ನು ಅವರು ಮೊದಲ ಭಾನುವಾರವೇ ಹೆಸರು ಹಿಡಿದು ಮಾತನಾಡಿಸಬಹುದು.